ಸಹಿ ಹಾಕದ ಮನೆ

ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ನಾವು ಮನೆ ಕೊಂಡಾಗ ಹಿತ್ತಲಿನಲ್ಲಿದ್ದ ಸ್ಲೀಪ್‌ಔಟ್ ಕೂಡ ನಮ್ಮ ಪಾಲಿಗೆ ಬಂತು. ದೊಡ್ಡ ಮನೆಗೆ ತಾಗದೆ ಹಿಂದೆ ಒಂಟಿಯಾಗಿ ನಿಂತ ಮರದ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಹಳೆಯ ಮಾಲೀಕ ಅದರಲ್ಲಿ ಮೀನು ಹಿಡಿಯುವ ಬಲೆ, ಗಾಳ ಇಟ್ಟುಕೊಂಡಿದ್ದ. ಅದರ ಚಾವಣಿ ಸೋರುತ್ತದೆ ಎಂದು ತೋರಿಸಿ ಒಟ್ಟು ಬೆಲೆಯಲ್ಲಿ ಸಾಕಷ್ಟು ಇಳಿಸಿದೆ. ಆಮೇಲೆ ಒಂದು ಭಾನುವಾರ ನಾನೇ ಏಣಿ ಹತ್ತಿ ನಾಲ್ಕು ಮೊಳೆ ಹೊಡೆದೆ, ಸೋರುವುದು ನಿಂತಿತು. ಮನೆ ಕೊಳ್ಳುವವರಿಗೆ ಒಂದು ಮಾತು: ನೋಡಲು ಹೋಗುವುದಿದ್ದರೆ ಮಳೆಯ ದಿನವೇ ಹೋಗಿ. ಬಿಸಿಲಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ.

ನಾನು ಗದಗಿನ ಕಡೆಯವನು. ಅಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಡೇರಿಯಲ್ಲಿ, ಅಂದರೆ ಮೂಲೆಯಂಗಡಿಯಲ್ಲಿ, ಹಾಲು ಬ್ರೆಡ್ಡು ಮಾರುತ್ತ ನಿಂತಿದ್ದೆ. ಈಗ ಮನುಕಾವ್‌ನಲ್ಲಿ ಅಡುಗೆಮನೆಯ ಕಪಾಟು ತಯಾರಿಸುವ ಕಾರ್ಖಾನೆಗೆ ಹಲಗೆ, ಬಾಗಿಲಿನ ತಿರುಗಣಿ, ಹಿಡಿಕೆ ಕೊಳ್ಳುವ ಕೆಲಸ. ಹೇಳಿದ ಬೆಲೆಗೆ ನಾನು ಎಂದೂ ಏನನ್ನೂ ಕೊಂಡವನಲ್ಲ. ಇಬ್ಬರು ಜಗ್ಗಾಡುತ್ತಿದ್ದರೆ ನಡುವೆ ಕೈಹಾಕಿ, 'ನಿಂದೂ ಬ್ಯಾಡ, ಅವಂದೂ ಬ್ಯಾಡ, ನಡಕ್ಕ ಬರ್ರಿ' ಅನ್ನದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮಗಳ ಶಾಲೆಯ ಗೆಳತಿಯರ ಜಗಳವನ್ನೂ ಹೀಗೆ ಬಗೆಹರಿಸಲು ಹೋಗಿ, "ಡ್ಯಾಡ್, ಪ್ಲೀಸ್, ಜಸ್ಟ್ ಡೋಂಟ್" ಅನ್ನಿಸಿಕೊಂಡಿದ್ದೇನೆ.

ಎರಡು ಸಾವಿರದ ಹದಿನೈದರ ಮೊದಲಲ್ಲಿ ಆ ಸ್ಲೀಪ್‌ಔಟ್‌ಗೆ ಬಾಡಿಗೆಗೆ ಬಂದವಳು ಯುಕ್ರೇನಿನ ಹೆಂಗಸು. ಐವತ್ತರ ಆಸುಪಾಸು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ನಾನು ಹೇಳಿದ ಬಾಡಿಗೆಗೆ ಚೌಕಾಸಿಯನ್ನೇ ಮಾಡದೆ ಹೂಂ ಅಂದಳು. ನನಗೆ ಬೇಸರವಾಯಿತು. "ಸ್ವಲ್ಪ ಕಡಿಮೆ ಕೇಳಬೇಕಿತ್ತು," ಎಂದು ನಾನೇ ಹೇಳಿಕೊಟ್ಟೆ. ಆಕೆ ನಕ್ಕು, "ಹಾಗಾದರೆ ಅರ್ಧ," ಅಂದಳು. ನಾನು ತಲೆ ಅಲ್ಲಾಡಿಸಿದೆ. "ನೋಡಿದಿರಾ? ಕೇಳುವುದನ್ನು ಹೇಳಿಕೊಡುತ್ತೀರಿ, ಕೊಡುವುದಿಲ್ಲ." ಅಂದಿನಿಂದ ನಾನು ಅವಳ ಬಾಯಲ್ಲಿ ಮಿಸ್ಟರ್ ಹಾಫ್. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಅವಳದೂ ಹರಕು, ನನ್ನದೂ ಹರಕು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಅವಳ ತಾಯಿಯ ವಿಷಯ ತಿಳಿದದ್ದು ನಿಧಾನವಾಗಿ. ಅಜ್ಜಿಗೆ ಎಂಬತ್ತು ಹತ್ತಿರ. ಪೂರ್ವ ಯುಕ್ರೇನಿನ ಒಂದು ಸಣ್ಣ ಗಣಿಯ ಊರಿನಲ್ಲಿ ಅಂಗಳ, ಬಾವಿ, ಜರ್ದಾಳು ಹಣ್ಣಿನ ಮರ ಇದ್ದ ಸ್ವಂತ ಮನೆ. ಹಿಂದಿನ ವರ್ಷ ಬಂದೂಕಿನವರು ಆ ಊರನ್ನು ಹಿಡಿದರು. ಹಿಡಿದವರ ಬೆನ್ನಿಗೆ ಗಡಿಯಾಚೆಯ ದೊಡ್ಡ ದೇಶ ನಿಂತಿದೆ ಎಂಬುದನ್ನು ಊರಿನ ಮಕ್ಕಳೂ ಬಲ್ಲರಂತೆ. ಹದಿನೈದು ದಿನ ಇದ್ದು ಬರುತ್ತೇನೆ ಎಂದು ಅಜ್ಜಿ ಒಂದು ಚೀಲ ಹಿಡಿದು, ಸರ್ಕಾರದ ಹಿಡಿತದಲ್ಲಿದ್ದ ದೊಡ್ಡ ಊರಿನ ತಂಗಿಯ ಮಗನ ಮನೆಗೆ ಹೋದರು. ಹಿಂದಿರುಗುವ ಮೊದಲೇ ಅವರ ಮನೆಗೆ ಯಾರೋ ಬಂದು ಸೇರಿಕೊಂಡರು. ಹೊಸ ಆಡಳಿತದಲ್ಲಿ ಏನೋ ಹುದ್ದೆ ಸಿಕ್ಕ ಮನುಷ್ಯ, ಜತೆಗೆ ಅವನ ಹೆಂಡತಿ. ಬೀಗ ಬದಲಾಯಿಸಿದರು.

ತಂಗಿಯ ಮಗನ ಮನೆ ಐದನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅಜ್ಜಿಯ ಎರಡೂ ಮೊಣಕಾಲು ಸವೆದಿದ್ದವು. ಮೇ ತಿಂಗಳಿನಿಂದ ಅವರು ನೆಲಕ್ಕೆ ಕಾಲಿಟ್ಟಿರಲಿಲ್ಲ. ಅಲ್ಲಿ ಬೇಸಿಗೆಯೆಲ್ಲ ಕಳೆಯುತ್ತ ಬಂದಿತ್ತು, ಅಜ್ಜಿ ಕಿಟಕಿಯಲ್ಲೇ ನೋಡಿದರು. "ಚಳಿ ಬಂದರೆ ಕಿಟಕಿಯನ್ನೂ ಮುಚ್ಚಬೇಕು," ಅಂದಳು ಆಕೆ ಒಮ್ಮೆ ಬಟ್ಟೆ ಒಣಹಾಕುತ್ತ.

ಆಗಸ್ಟಿನಲ್ಲಿ ಆ ಮನೆಯಲ್ಲಿ ಕೂತ ಮನುಷ್ಯನಿಂದ ಸಂಧಾನದ ಮಾತು ಬಂತು. ಬೀದಿಯಾಚೆಯ ಮನೆಯ ನೆರೆಯಾಕೆಯ ಮೂಲಕ. ಮನೆ ಇದ್ದದ್ದು ಮಗಳ, ಅಂದರೆ ನಮ್ಮ ಸ್ಲೀಪ್‌ಔಟಿನವಳ ಹೆಸರಿನಲ್ಲಿ. ಆಡಳಿತ ನಾಳೆ ಬದಲಾದರೂ ಮನೆ ತನ್ನದೇ ಎನ್ನಲು ಅವನಿಗೆ ಅವಳ ಕಾಗದ ಬೇಕಿತ್ತು. ಮನೆಯನ್ನು ಅವನಿಗೆ ಒಪ್ಪಿಸಿದ್ದೇನೆ ಎಂದು ಅವಳು ಕಾಗದಕ್ಕೆ ಸಹಿ ಹಾಕಿ, ಯಾವುದಾದರೂ ಸರ್ಕಾರದ ಮುದ್ರೆ ಒತ್ತಿಸಿ ಕಳಿಸಿದರೆ, ತಾಯಿ ಬಂದು ಅಂಗಳದ ಹೊರಮನೆಯಲ್ಲಿ ಇರಬಹುದು. ಬೇಸಿಗೆಯಲ್ಲಿ ಅಡುಗೆ ಮಾಡಲು, ಹಣ್ಣು ಬೇಯಿಸಿ ಭರಣಿ ತುಂಬಲು ಕಟ್ಟಿದ ಒಂದೇ ಕೋಣೆ ಅದು. ಒಲೆ ಇದೆ. ಜರ್ದಾಳು ಮರ ಬಾಗಿಲೆದುರಿಗೇ.

ಅದೇ ದಿನಗಳಲ್ಲಿ ಕೀವ್ ನಗರದ ಸಂಸತ್ತಿನಲ್ಲಿಯೂ ಗದ್ದಲ ನಡೆದಿತ್ತು. ಒಂದು ಶನಿವಾರ ಮಧ್ಯಾಹ್ನ ಆಕೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರ ವಿಡಿಯೋ ನೋಡುತ್ತಿದ್ದಳು. ನಮ್ಮ ಇಂಟರ್ನೆಟ್ ಅವಳ ಕೋಣೆಯವರೆಗೆ ಸರಿಯಾಗಿ ಹರಿಯುತ್ತಿರಲಿಲ್ಲ. ಸೂಟು ಹಾಕಿದ ಸದಸ್ಯರು ಭಾಷಣದ ಕಟ್ಟೆಗೆ ಮುತ್ತಿಗೆ ಹಾಕಿ ನಿಂತಿದ್ದರು. ಒಬ್ಬ ಮೇಜು ಕುಟ್ಟುತ್ತಿದ್ದ. ಇನ್ನೊಬ್ಬ ಬಾಯಿಯ ಸುತ್ತ ಕೈಯಿಟ್ಟು ಕೂಗುತ್ತಿದ್ದ.

"ಬಾ ಇಲ್ಲೆ, ನೋಡು," ಎಂದು ಹೆಂಡತಿಯನ್ನು ಕರೆದೆ. "ನಮ್ಮ ವಿಧಾನಸೌಧದ ಅಣ್ಣತಮ್ಮಂದಿರು ಇಲ್ಲೂ ಅದಾರ."

ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಯಾತಕ್ಕ ಬಡಿದಾಡ್ತಾರಂತ ಕೇಳ್ರಿ ಮೊದಲ. ಆಮ್ಯಾಲ ನಗ್ರಿ."

ಕೇಳಿದೆ. ಯುದ್ಧ ನಿಲ್ಲಿಸಲು ವರ್ಷದ ಮೊದಲಲ್ಲಿ ದೊಡ್ಡ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಸಿದ್ದವಂತೆ. ಅದರಂತೆ ಬಂದೂಕಿನವರು ಹಿಡಿದ ಜಿಲ್ಲೆಗಳಿಗೆ ವಿಶೇಷ ಅಧಿಕಾರ ಕೊಡಬೇಕು. ಅದಕ್ಕಾಗಿ ಸಂವಿಧಾನದಲ್ಲಿ ಬದಲಾವಣೆ ಆಗಬೇಕು. ಸರ್ಕಾರದ ಕಡೆಯವರು, ಸಾಯುವುದು ನಿಲ್ಲಲಿ, ಮಿತ್ರದೇಶಗಳ ಮಾತು ಮೀರುವುದು ಬೇಡ ಎನ್ನುತ್ತಿದ್ದರು. ಕಟ್ಟೆಗೆ ಮುತ್ತಿಗೆ ಹಾಕಿದವರು, ದಾಳಿ ಮಾಡಿದವನಿಗೇ ಇದು ಬಹುಮಾನ ಎನ್ನುತ್ತಿದ್ದರು.

"ಇವರಿಗೇನು," ಅಂದೆ ನಾನು. "ಸಂಜೆ ಸರ್ಕಾರಿ ಕಾರಿನಲ್ಲಿ ಮನೆಗೆ ಹೋಗುತ್ತಾರೆ. ಸಾಯುವವರು ಬೇರೆ. ಸ್ವಲ್ಪ ಬಿಟ್ಟು ಸ್ವಲ್ಪ ಹಿಡಿದುಕೊಂಡರೆ ಜಗಳ ಮುಗಿಯುತ್ತದೆ."

"ಗಡಿ ಯಾರ ಕೈಯಲ್ಲಿದೆ ಗೊತ್ತೇ, ಮಿಸ್ಟರ್ ಹಾಫ್?"

"ಯಾರ ಕೈಯಲ್ಲಿ?"

"ಅವನ ಕೈಯಲ್ಲಿ. ಬಂದವನ ಕೈಯಲ್ಲಿ. ಮೊದಲು ನಾವು ಕಾನೂನು ಬದಲಾಯಿಸಬೇಕು, ಅಲ್ಲಿ ಚುನಾವಣೆ ಮಾಡಬೇಕು. ಅದೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಬಾಗಿಲ ಕೀಲಿ ಕೊಡುತ್ತಾನಂತೆ. ಇವರು ಕೂಗುತ್ತಿರುವುದು ಇಷ್ಟೆ: ಕೀಲಿ ಮೊದಲು."

"ಯಾವುದು ಮೊದಲು ಅನ್ನುವುದಕ್ಕೆ ಇಷ್ಟು ಗಲಾಟೆಯೇ?"

"ಅದೊಂದಕ್ಕೇ ಗಲಾಟೆ," ಅಂದಳು ಆಕೆ. ಹಾಗೆಯೇ ತಾಯಿಯ ಮನೆಯ ಬಗ್ಗೆ ಬಂದ ಸಂಧಾನದ ವಿಷಯವನ್ನೂ ಹೇಳಿದಳು. ಇಡೀ ವಾರ ಯಾರಿಗೂ ಹೇಳಿರಲಿಲ್ಲವಂತೆ.

ನನಗೆ ಉತ್ಸಾಹ ಬಂತು. ಕುರ್ಚಿ ಎಳೆದು ಕೂತೆ. ದೇಶದ ಸಂಗತಿ ನನ್ನ ಅಳವಿಗೆ ಮೀರಿದ್ದು, ಮನೆಯ ಸಂಗತಿ ನನ್ನ ಕಸುಬು. "ಒಪ್ಪಿಕೊಳ್ಳಿ," ಅಂದೆ. "ಅಜ್ಜಿ ನೆಲಕ್ಕೆ ಇಳಿದಂತಾಗುತ್ತದೆ. ಒಂದೇ ಕೋಣೆಯಾದರೇನು? ನೀವೇ ನಮ್ಮ ಹಿತ್ತಲ ಕೋಣೆಯಲ್ಲಿ ಇಲ್ಲವೇ? ಏನು ಕಷ್ಟವಾಗಿದೆ?"

"ಏನೂ ಇಲ್ಲ. ನಿಮ್ಮ ಮನೆಯ ಹಿತ್ತಲಿನಲ್ಲಿ ನಾನು ಇರಬಲ್ಲೆ. ಇದು ನಿಮ್ಮ ಮನೆ." ಲ್ಯಾಪ್‌ಟಾಪ್ ಮುಚ್ಚಿದಳು. "ಅದು ನನ್ನ ಅಮ್ಮನ ಮನೆ."

ಒಲೆಯ ಕಡೆಯಿಂದ ನನ್ನ ಹೆಂಡತಿ, "ಆತೇನ್ರೀ ಸಮಾಧಾನ?" ಅಂದಳು ಕನ್ನಡದಲ್ಲಿ.

ಆದರೆ ಅಜ್ಜಿಗೆ ಬೇಕಿದ್ದದ್ದು ಬೇರೆ. ಮುಂದಿನ ಶುಕ್ರವಾರ ಸಂಜೆ ಅವರ ಫೋನು ಬಂತು. ಅಲ್ಲಿ ಆಗ ಬೆಳಗಿನ ಹೊತ್ತು. ಆಕೆ ನಮ್ಮೆದುರಿಗೇ ಸ್ಪೀಕರ್ ಹಾಕಿದಳು. ಆ ಭಾಷೆಯ ಒಂದು ಶಬ್ದವೂ ನನಗೆ ತಿಳಿಯದು, ಆದರೂ ಅಜ್ಜಿಯ ದನಿಯಲ್ಲಿ ಸಿಟ್ಟಿದ್ದದ್ದು ತಿಳಿಯಿತು. ಆಕೆ ಕೇಳಿ ಕೇಳಿ ನಮಗೆ ಹೇಳುತ್ತ ಹೋದಳು.

"ಸಹಿ ಹಾಕು ಅನ್ನುತ್ತಿದ್ದಾಳೆ. ನಿನಗೆ ಕಾಗದ ದೊಡ್ಡದು, ನನಗೆ ಮೆಟ್ಟಿಲು ದೊಡ್ಡದು ಅನ್ನುತ್ತಿದ್ದಾಳೆ. ನೀನು ಸಮುದ್ರದ ಆಚೆ ಕೂತು ಧೈರ್ಯಸ್ಥೆ ಆಗಿದ್ದೀಯ, ಒಮ್ಮೆ ಬಂದು ಈ ಮಹಡಿಯಲ್ಲಿ ಕೂತು ನೋಡು ಅನ್ನುತ್ತಿದ್ದಾಳೆ." ಮತ್ತೆ ಕೇಳಿಸಿಕೊಂಡು, "ತಂಗಿಯ ಮಗನ ಹೆಂಡತಿ ಅಡುಗೆಮನೆಗೆ ಸೇರಿಸುವುದಿಲ್ಲವಂತೆ. ಇದು ಹೊಸ ವಿಷಯ. ನನಗೆ ಹೇಳಿರಲಿಲ್ಲ," ಅಂದಳು.

ಮಾತು ಮುಗಿದ ಮೇಲೆ ಆಕೆ ಮೇಜಿನ ಮೇಲೆ ಬಿದ್ದಿದ್ದ ಹಿಟ್ಟನ್ನು ಬೆರಳಿನಿಂದ ಒಟ್ಟುಮಾಡಿದಳು. ಆಮೇಲೆ, "ನಿಮ್ಮ ಕಸುಬು ತೋರಿಸಿ ಮಿಸ್ಟರ್ ಹಾಫ್," ಅಂದಳು. "ಹಾಕಲೇಬೇಕಾದರೆ ಹೊರಮನೆಗಿಂತ ಹೆಚ್ಚು ಕೇಳೋಣ."

ನನಗೆ ಅದಕ್ಕಿಂತ ಬೇರೆ ಕರೆ ಬೇಕಿರಲಿಲ್ಲ. ಮಗಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಬರೆದೆ. ಹೊರಮನೆ ಬೇಡ, ದೊಡ್ಡ ಮನೆಯ ಬೀದಿ ಕಡೆಯ ಕೋಣೆ ಬೇಕು. ಅಡುಗೆಮನೆಯಲ್ಲಿ ಪಾಲು ಬೇಕು. ಮುಂಬಾಗಿಲಿನ ಕೀಲಿ ಒಂದು ಅಜ್ಜಿಯ ಕೈಯಲ್ಲಿ ಇರಬೇಕು. ಮನೆ ಒಪ್ಪಿಸುವುದು ಕಾಯಂ ಅಲ್ಲ, ಐದು ವರ್ಷಕ್ಕೆ. ನನ್ನ ಲೆಕ್ಕದಲ್ಲಿ ಅವನು ಕೀಲಿಗೂ ಐದು ವರ್ಷಕ್ಕೂ ಒಪ್ಪುವುದಿಲ್ಲ, ಕೋಣೆಗೆ ಗೊಣಗುತ್ತ ಒಪ್ಪುತ್ತಾನೆ. ಬಿಟ್ಟುಕೊಡಲೆಂದೇ ಎರಡು ಸೇರಿಸಿದ್ದೆ. ನೀವೂ ಹಾಗೆಯೇ ಮಾಡಿ, ಎಂದೂ ಬೇಕಾದದ್ದನ್ನಷ್ಟೇ ಕೇಳಬೇಡಿ. ಆಕೆ ಅದನ್ನು ತನ್ನ ಭಾಷೆಗೆ ತಿರುಗಿಸಿ ನೆರೆಯಾಕೆಗೆ ಕಳಿಸಿದಳು.

ನಾವು ಉಂಡು ಕೈತೊಳೆಯುವುದರೊಳಗೆ ಉತ್ತರ ಬಂತು. ಎಲ್ಲಕ್ಕೂ ಒಪ್ಪಿಗೆ. ಕೋಣೆ, ಅಡುಗೆಮನೆ, ಕೀಲಿ, ಐದು ವರ್ಷ. ಮುದ್ರೆ ಒತ್ತಿದ ಕಾಗದ ಬೇಗ ಬರಲಿ.

ನಾನು ಎರಡು ಕೈ ಎತ್ತಿ ಕುಣಿದೇಬಿಟ್ಟೆ. "ಆಂಟಿ, ಹಿ ಈಸ್ ಗೋಯಿಂಗ್ ಟು ಟಾಕ್ ಅಬೌಟ್ ದಿಸ್ ಫಾರೆವರ್," ಅಂದಳು ಮಗಳು. ಆಕೆ ನಕ್ಕಳು, ಅರ್ಧ ನಗು. ಇಲ್ಲಿ ಸಹಿಗೆ ಸಾಕ್ಷಿ ಹಾಕಿ ಮುದ್ರೆ ಒತ್ತುವ ಅಧಿಕಾರವಿರುವ ಗಣ್ಯರು ಊರೂರಿಗೆ ಇರುತ್ತಾರೆ, ಜೆ.ಪಿ. ಅನ್ನುತ್ತಾರೆ, ಹಣ ಪಡೆಯುವುದಿಲ್ಲ. ನಮ್ಮ ಕಡೆ ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಒಬ್ಬರು ಮೇಜು ಹಾಕಿಕೊಂಡು ಕೂರುತ್ತಿದ್ದರು. ನಾಳೆಯೇ ಹೋಗೋಣ ಅಂದೆ.

ಲೈಬ್ರರಿಯಲ್ಲಿ ನಮ್ಮ ಮುಂದೆ ನಾಲ್ಕು ಜನ ಇದ್ದರು. ಪಾಸ್‌ಪೋರ್ಟಿನ ನಕಲು ಹಿಡಿದ ಫಿಜಿಯ ದಂಪತಿ, ಡಿಗ್ರಿ ಸರ್ಟಿಫಿಕೇಟುಗಳ ಕಡತ ಹಿಡಿದ ಒಬ್ಬ ಪಂಜಾಬಿ, ಸಮೋವಾದ ಒಬ್ಬರು ಹಿರಿಯರು. ಮೇಜಿನ ಹಿಂದೆ ಬಿಳಿ ಕೂದಲಿನ ಹೆಂಗಸು ಪ್ರತಿಯೊಬ್ಬರಿಗೂ, "ಇದನ್ನು ಓದಿದ್ದೀರಿ ತಾನೆ? ನಿಮ್ಮ ಇಚ್ಛೆಯಿಂದಲೇ ತಾನೆ?" ಎಂದು ಕೇಳಿ ಮುದ್ರೆ ಒತ್ತುತ್ತಿದ್ದರು. ನನ್ನ ಪಕ್ಕದಲ್ಲಿ ಆಕೆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತೊಡೆಯ ಮೇಲೆ ಹಿಡಿದಿದ್ದಳು.

ಅಲ್ಲಿ ಸುಮ್ಮನೆ ಕೂತಾಗ ಏನೋ ನನ್ನನ್ನು ಚುಚ್ಚತೊಡಗಿತು. ಇಪ್ಪತ್ತು ವರ್ಷ ಕೊಳ್ಳುವ ಕೆಲಸ ಮಾಡಿದವನು ನಾನು. ಬಿಟ್ಟುಕೊಡಲೆಂದು ಸೇರಿಸಿದ್ದನ್ನೂ ಎದುರಿನವನು ಒಪ್ಪಿದ್ದು ನನಗೆ ನೆನಪೇ ಇಲ್ಲ. ಒಂದು ಗುಲಗಂಜಿಯಷ್ಟೂ ಗೊಣಗಿರಲಿಲ್ಲ ಆ ಮನುಷ್ಯ.

ಸಂತೆಯಲ್ಲಿ ಅಪ್ಪ ವ್ಯಾಪಾರ ಕುದುರಿಸುತ್ತಿದ್ದದ್ದು ಟವೆಲ್ಲಿನ ಕೆಳಗೆ. ಕೊಳ್ಳುವವನ ಕೈ, ಮಾರುವವನ ಕೈ, ಮೇಲೆ ಒಂದು ಟವೆಲ್. ಒಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ತಿಳಿಯಬಾರದು. ಒಂದು ಸಲ ಯಾರೋ ಒಂದು ಜೋಡಿ ಎತ್ತು ತಂದ. ಒಳ್ಳೆಯ ಎತ್ತು. ಅಪ್ಪ ಕೊಳ್ಳುವವನ ಪರವಾಗಿ ಟವೆಲ್ಲಿನೊಳಗೆ ಕೈಹಾಕಿ, ನಾಚಿಕೆಯಾಗುವಷ್ಟು ಕಡಿಮೆ ಬೆಲೆಯ ಬೆರಳು ಹಿಡಿದರು. ಅವನು ಒಮ್ಮೆಗೇ ಹೂಂ ಅಂದ. ಅಪ್ಪ ಕೈ ಹಿಂದೆಳೆದುಕೊಂಡು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಯಾಕ ಮಾವ ಎಂದು ಕೊಳ್ಳುವವನು ಕೇಳಿದ್ದಕ್ಕೆ, "ಹಗ್ಗಾ ನೋಡು. ಎತ್ತು ಹಳೇವು, ಹಗ್ಗಾ ಹೊಸಾದು," ಅಂದರು. ಕದ್ದ ಎತ್ತು. ತನ್ನದಲ್ಲದ್ದನ್ನು ಕೊಡುವವನು ಚೌಕಾಸಿ ಮಾಡುವುದಿಲ್ಲ. ಅವನಿಗೆ ಹೋಗುವುದೇನು?

ಬೀದಿ ಕಡೆಯ ಕೋಣೆ ಅಜ್ಜಿಯದೇ. ಅಡುಗೆಮನೆ ಅಜ್ಜಿಯದೇ. ಕೀಲಿಯೂ ಅವರದೇ. ಅವರ ಮನೆಯ ಒಂದು ಕೋಣೆಯನ್ನು ಅವರಿಗೇ ಕೊಡಿಸಿ ನಾನು ಹಿಂದಿನ ಸಂಜೆ ಬೀಗಿದ್ದೆ. ಅದಕ್ಕೆ ಬದಲಾಗಿ ಅವರು ಕೊಡುವುದು ಸಹಿ. ಸಹಿಯಾದ ಮರುದಿನ ಅವನು ಕೀಲಿ ಕಿತ್ತುಕೊಂಡರೆ? ಯಾರ ಬಾಗಿಲು ತಟ್ಟುವುದು? ಆ ಊರಿನ ಪೊಲೀಸರೂ ಅವನವರು, ಕೋರ್ಟೂ ಅವನದು. ಐದು ವರ್ಷವಾದ ಮೇಲೆ ಯಾರು ಲೆಕ್ಕ ಹಾಕುತ್ತಾರೆ? ಆ ಸದಸ್ಯರು ಕಟ್ಟೆ ಹತ್ತಿ ಕೂಗಿದ್ದು ಇದನ್ನೇ ಅಲ್ಲವೇ ಎಂದು ಆಗ ಹೊಳೆಯಿತು. ನಾನು ಅವರನ್ನು ನೋಡಿ ನಕ್ಕಿದ್ದೆ.

ಮೇಜಿನವರು ಮುಂದಿನವರನ್ನು ಕರೆದರು. ನಮ್ಮ ಸರದಿ.

"ಬೇಡ," ಅಂದೆ.

"ಏನು ಬೇಡ?"

"ಸಹಿ ಬೇಡ. ತಪ್ಪು ನನ್ನದು. ಅವನು ಬೇಗ ಒಪ್ಪಿಬಿಟ್ಟ."

ಆಕೆ ನನ್ನ ಮುಖವನ್ನೇ ನೋಡಿದಳು. "ನಿನ್ನೆ ಕುಣಿದಿರಿ."

"ನಿನ್ನೆ ಕುಣಿದೆ. ಇವತ್ತು ಬುದ್ಧಿ ಬಂತು. ಇಷ್ಟು ಸುಲಭವಾಗಿ ಒಪ್ಪುವವನಿಗೆ ಬೇಕಾದದ್ದು ನಿಮ್ಮ ಹೆಸರೊಂದೇ. ಅದು ಸಿಕ್ಕಮೇಲೆ ಉಳಿದದ್ದೆಲ್ಲ ಗಾಳಿ."

"ನನಗಿದು ಮೊದಲ ದಿನವೇ ಗೊತ್ತಿತ್ತು," ಅಂದಳು. ಸಿಟ್ಟಿರಲಿಲ್ಲ, ದಣಿವಿತ್ತು. "ಆದರೆ ಅಮ್ಮ ಮೆಟ್ಟಿಲು ಇಳಿಯಬೇಕಲ್ಲ. ಅದಕ್ಕೇನು ಮಾಡಲಿ, ಹೇಳಿ. ಸಹಿ ಬೇಡ ಎನ್ನುವುದು ಸುಲಭ."

ಬಿಳಿ ಕೂದಲಿನವರು ಕನ್ನಡಕದ ಮೇಲಿನಿಂದ ನೋಡಿ, "ನೀವು ಸಿದ್ಧರಿದ್ದೀರಾ?" ಎಂದು ಕೇಳಿದರು. ಆಕೆ ಎದ್ದು, "ಇವತ್ತಿಲ್ಲ, ಕ್ಷಮಿಸಿ," ಎಂದು ಹೊರಗೆ ನಡೆದಳು.

ಮಂಗಳವಾರ ಬೆಳಿಗ್ಗೆ ಸುದ್ದಿ ಬಂತು. ಕೀವ್‌ನಲ್ಲಿ ಪ್ರಸ್ತಾಪ ಮೊದಲ ಸುತ್ತಿನಲ್ಲಿ ಪಾಸಾಗಿತ್ತು. ವಿರೋಧಿಸಿದವರು ಕಟ್ಟೆ ಹತ್ತಿ ಕೂಗಿದರೂ ಮತ ಸಾಲಲಿಲ್ಲ. ಸಂಸತ್ತಿನ ಹೊರಗಿನ ಗಲಭೆಯಲ್ಲಿ ಬಾಂಬು ಸಿಡಿದು ಕಾವಲಿಗಿದ್ದ ಹುಡುಗರು ಸತ್ತಿದ್ದರು. ಆಕೆ ಕೆಲಸಕ್ಕೆ ಹೊರಟವಳು ನಮ್ಮ ಹಿಂಬಾಗಿಲಲ್ಲಿ ನಿಂತು, "ವಿರೋಧಿಸಿದವರು ಹೇಳಿದ್ದು ಸರಿ. ಹೊರಗೆ ಮಾಡಿದವರು ಮಾಡಿದ್ದು ಪಾಪ. ಎರಡೂ ಒಟ್ಟಿಗೇ ನಿಜ, ಏನು ಮಾಡುವುದು?" ಎಂದು ಹೋದಳು. ಕೊನೆಯ ಸುತ್ತಿನ ಮತಕ್ಕೆ ಇನ್ನೂ ಹೆಚ್ಚು ಸದಸ್ಯರ ಬೆಂಬಲ ಬೇಕಿತ್ತು. ಆ ಸುತ್ತು ಆ ವರ್ಷ ಬರಲೇ ಇಲ್ಲ.

ಸಹಿ ಹಾಕಲಿಲ್ಲ ಎಂದು ತಿಳಿದ ಅಜ್ಜಿ ಮಗಳ ಜತೆ ಮಾತು ಬಿಟ್ಟರು. ಫೋನು ಮಾಡಿದರೆ ತಂಗಿಯ ಮಗ ಎತ್ತುತ್ತಿದ್ದ, ಆರೋಗ್ಯ ಎನ್ನುತ್ತಿದ್ದ, ಇಡುತ್ತಿದ್ದ. ಇತ್ತ ಆ ಮನುಷ್ಯನಿಂದ ಹೊಸ ಮಾತು ಬರುತ್ತಲೇ ಇತ್ತು. ಒಂದು ಕೋಣೆ ಬೇಡವೇ, ಎರಡು ತಗೊಳ್ಳಿ. ತೋಟವೂ ನಿಮ್ಮದೇ. ಅಕ್ಟೋಬರಿನಲ್ಲಿ, ಅಜ್ಜಿಯನ್ನು ಕರೆತರಲು ಕಾರು ಕಳಿಸುತ್ತೇನೆ ಎಂದ.

"ಅವಾ ಏರಸಾಕತ್ತಾನ," ಅಂದೆ ಹೆಂಡತಿಗೆ. ನನಗೆ ಒಳಗೊಳಗೇ ಖುಷಿ. "ಇನ್ನೂ ತಡದರ ಪೂರಾ ಮನೀನ ಕೊಡ್ತಾನ."

"ನಿಮಗ ಆಟ," ಅಂದಳು ಅವಳು. ಬಟ್ಟೆ ಮಡಚುತ್ತಿದ್ದಳು. "ಆ ಮುದುಕಿ ಐದನೇ ಮಾಳಗಿ ಮ್ಯಾಲ ಕುಂತಾಳ. ಹಸದಾಂವ ಸಂತಿಗೆ ಹೋಗಬಾರದು ಅಂತ ನೀವ ಹೇಳ್ತೀರಿ. ಆಕಿ ಹಸದಾಳ. ಮೊದಲ ಆಕಿ ಹಸಿವು ಕಳೀರಿ. ಆಮ್ಯಾಲ ಅವಾ ಏರಸ್ಲಿ, ಇಳಸ್ಲಿ, ಏನರ ಆಗಲಿ."

"ಹ್ಯಾಂಗ ಕಳೀಲಿ? ವಿಮಾನ ಹತ್ತಾಕ ಆಕಿ ಮೊಣಕಾಲ ಕೇಳಂಗಿಲ್ಲ."

"ಅದ ಊರಾಗ ನೆಲದ ಮ್ಯಾಲ ಒಂದು ಖೋಲಿ ಸಿಗಂಗಿಲ್ಲೇನು? ಈಕಿ ಕೊಡೂ ಬಾಡಿಗಿ ಸ್ವಲ್ಪ ಇಳಸ್ರಿ, ಉಳದದ್ದು ಅಲ್ಲಿಗೆ ಹೋಗ್ತೈತಿ."

"ಎಷ್ಟು ಇಳಸೂನು?"

ಅವಳು ಒಂದು ಮೊತ್ತ ಹೇಳಿದಳು. ಅಭ್ಯಾಸಬಲ ನೋಡಿ, ನನ್ನ ಬಾಯಿಂದ, "ಅದರಾಗ ಅರ್ಧ ಮಾಡೂನು?" ಎಂದು ಹೊರಟುಬಿಟ್ಟಿತು. ಅವಳು ಮಡಚಿದ ಚಾದರವನ್ನು ನನ್ನ ತೊಡೆಯ ಮೇಲೆ ಧಪ್ಪೆಂದು ಇಟ್ಟಳು. ಹೇಳಿದ ಬೆಲೆಗೆ ಒಪ್ಪಿದೆ. ನನ್ನ ಬಾಳಿನಲ್ಲಿ ಅದೇ ಮೊದಲು.

ಸ್ಲೀಪ್‌ಔಟಿನ ಬಾಗಿಲು ತಟ್ಟಿ ಹೇಳಿದಾಗ ಆಕೆ ಮೊದಲು ಒಪ್ಪಲಿಲ್ಲ. "ನಾನು ಕೇಳಿಲ್ಲವಲ್ಲ," ಅಂದಳು. ಕೇಳದಿದ್ದರೆ ಕೊಡಬಾರದೆಂದು ಎಲ್ಲಿ ಬರೆದಿದೆ ಅಂದೆ. ಮಿಸ್ಟರ್ ಹಾಫ್‌ಗೆ ಜ್ವರ ಬಂದಿದೆಯೇ ಎಂದು ನನ್ನ ಹೆಂಡತಿಯನ್ನು ಕೇಳಿದಳು. ಆಮೇಲೆ ಬಾಗಿಲಲ್ಲೇ ನಿಂತು ಮೂಗು ಒರೆಸಿಕೊಂಡಳು. ನಾನು ಬೇಗ ಅಲ್ಲಿಂದ ಬಂದುಬಿಟ್ಟೆ.

ಕೋಣೆ ಹುಡುಕಲು ಒಂದು ತಿಂಗಳು ಹಿಡಿಯಿತು. ಪಟ್ಟಿ ಮಾಡಿಕೊಟ್ಟವನು ನಾನೇ: ಮೆಟ್ಟಿಲು ಎಷ್ಟು, ಬಿಸಿನೀರಿನ ಕೊಳವೆ ಯಾವ ಗೋಡೆಯಲ್ಲಿದೆ, ಬ್ರೆಡ್ಡಿನ ಅಂಗಡಿ ಎಷ್ಟು ದೂರ. ತಂಗಿಯ ಮಗ ನೋಡಿ ಬಂದು ಫೋಟೋ ಕಳಿಸುತ್ತಿದ್ದ. ಎರಡನ್ನು ನಾನು ತಳ್ಳಿಹಾಕಿದೆ, ಗೋಡೆಯ ಬುಡದಲ್ಲಿ ತೇವ ಕಾಣುತ್ತಿತ್ತು. ಮೂರನೆಯದು ಹಳೆಯ ಟೈಲರ್ ಹೆಂಗಸಿನ ಮನೆ. ನೆಲದ ಮೇಲೆಯೇ ಇದ್ದ ಕೋಣೆ, ಬೀದಿಗೆ ಕಿಟಕಿ, ಎದುರಿಗೆ ಬಸ್ ಸ್ಟಾಪು. ಆ ಹೆಂಗಸಿಗೂ ಜತೆ ಬೇಕಿತ್ತು.

ಅಜ್ಜಿಯನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರಂತೆ. ಮೊದಲ ಹಿಮ ಬೀಳುವುದಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಇಳಿದ ಮೇಲೆ ಒಂದು ವಾರ ಸುಮ್ಮನಿದ್ದು, ಒಂದು ಭಾನುವಾರ ಸಂಜೆ ತಾವೇ ಫೋನು ಮಾಡಿದರು. ನಾವು ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದೆವು. ಇಲ್ಲಿ ಬೇಸಿಗೆ, ಹೊತ್ತು ಇಳಿದಿರಲಿಲ್ಲ. ಆಕೆ ಫೋನನ್ನು ಚಹದ ಡಬ್ಬಿಗೆ ಆನಿಸಿ ಇಟ್ಟಳು. ತಲೆಗೆ ಶಾಲು ಕಟ್ಟಿದ ಅಗಲ ಮುಖ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು.

"ಸಲಹೆ ಕೊಡುವವನು ಯಾರು ಎಂದು ಕೇಳುತ್ತಿದ್ದಾಳೆ," ಅಂದಳು ಆಕೆ.

ನಾನು ಕೈ ಎತ್ತಿದೆ.

ಅಜ್ಜಿ ಏನೋ ಉದ್ದಕ್ಕೆ ಹೇಳಿದರು. ಆಕೆ ನಗುತ್ತ ನಗುತ್ತ ತಿರುಗಿಸಿದಳು. "ಅವನು ಮತ್ತೆ ಮಾತು ಕಳಿಸಿದ್ದಾನಂತೆ. ಈಗ ಮೂರು ಕೋಣೆ. ನಾನು ಮನೆ ಬಿಟ್ಟಾಗ ಕನ್ನಡಕ ಮರೆತಿದ್ದೆ, ಕಳಿಸಿಕೊಡು ಎಂದರೆ ಕೊಡಲಿಲ್ಲ, ಈಗ ಮದುವೆಗಂಡಿನ ಹಾಗೆ ದಿನಾ ಏನಾದರೂ ಹೊತ್ತು ಬರುತ್ತಾನೆ ಅನ್ನುತ್ತಿದ್ದಾಳೆ. ಆ ಕಾಗದಕ್ಕೆ ಇಷ್ಟು ಬೆಲೆ ಇದ್ದರೆ ಅದು ನಮ್ಮ ಹತ್ತಿರವೇ ಇರಲಿ ಅನ್ನುತ್ತಿದ್ದಾಳೆ."

"ಸಿಟ್ಟು ಹೋಗಿದೆಯೇ ಕೇಳಿ," ಅಂದೆ.

ಆಕೆ ಕೇಳಿದಳು. ಅಜ್ಜಿ ಹುಬ್ಬು ಗಂಟು ಹಾಕಿ ಒಂದೇ ಮಾತಿನಲ್ಲಿ ಉತ್ತರಿಸಿದರು.

"ಇಲ್ಲವಂತೆ."

ನನ್ನ ಹೆಂಡತಿ ಗಟ್ಟಿಯಾಗಿ ನಕ್ಕಳು. ಅದನ್ನು ಕೇಳಿ ಅಜ್ಜಿಯೂ ನಕ್ಕರು. ಆಮೇಲೆ ಗಂಭೀರವಾಗಿ ಮಗಳಿಗೆ ಏನೋ ಬರೆದುಕೊಳ್ಳಲು ಹೇಳಿದರು. ಆ ಮನುಷ್ಯನಿಗೆ ಉತ್ತರ, ನೆರೆಯಾಕೆಗೆ ಕಳಿಸಬೇಕಾದದ್ದು. ನಾನು ಕತ್ತು ಚಾಚಿ ಕೂತೆ. ಎರಡು ಸಾಲು ತಿದ್ದಿಕೊಡಬಹುದೇನೋ ಎಂಬ ಆಸೆ ಇನ್ನೂ ಇತ್ತು.

ತಿದ್ದಲು ಏನೂ ಇರಲಿಲ್ಲ. ಮನೆ ನನ್ನ ಮಗಳದು, ಯಾರಿಗೂ ಒಪ್ಪಿಸುವುದಿಲ್ಲ. ಚಳಿ ಬರುತ್ತಿದೆ. ಅಂಗಳದ ನಲ್ಲಿಯ ನೀರನ್ನು ಹಿಮ ಬೀಳುವ ಮೊದಲು ಪೂರ್ತಿ ಬಿಟ್ಟು ಖಾಲಿ ಮಾಡು, ಇಲ್ಲದಿದ್ದರೆ ಕೊಳವೆ ಒಡೆಯುತ್ತದೆ. ನೀರು ಕಟ್ಟುವ ತಿರುಪು ಅಂಗಳದ ನೆಲಮಾಳಿಗೆಯಲ್ಲಿ ಎಡಗಡೆ ಇದೆ, ಬಿಗಿ ಇರುತ್ತದೆ, ಮುರಿಯಬೇಡ.

ಮೂರು ದಿನ ಬಿಟ್ಟು ನೆರೆಯಾಕೆ ಬರೆದಳು. ಸಂದೇಶವನ್ನು ಬೇಲಿಯ ಆಚೆಯಿಂದಲೇ ಓದಿ ಹೇಳಿದಳಂತೆ. ಆ ಮನುಷ್ಯ ಕೇಳಿಸಿಕೊಂಡು ಒಳಗೆ ಹೋದ. ಮರುದಿನ ಬೆಳಿಗ್ಗೆ ಅವನು ಕೈಯಲ್ಲಿ ಸ್ಪ್ಯಾನರ್ ಹಿಡಿದು ನೆಲಮಾಳಿಗೆಗೆ ಇಳಿದದ್ದನ್ನೂ, ಸ್ವಲ್ಪ ಹೊತ್ತಿಗೆ ಅಂಗಳದ ನಲ್ಲಿಯಿಂದ ನೀರೆಲ್ಲ ಜರ್ದಾಳು ಮರದ ಬುಡಕ್ಕೆ ಹರಿದುಹೋದದ್ದನ್ನೂ ತನ್ನ ಕಿಟಕಿಯಿಂದ ನೋಡಿದ್ದಳು.